ಎಣ್ಣೆಗೆ ಒಂದು ದಿನ ಕೊಡಬೇಕಿತ್ತು

ಎಕ್ಸ್‌ರೇ ಯಂತ್ರ ರಿಪೇರಿಯ ಕೆಲಸಕ್ಕೆ ಹೊಸದಾಗಿ ಸೇರುವವರು ಈಗಲೂ ಆಗೊಮ್ಮೆ ಈಗೊಮ್ಮೆ ನನಗೆ ಫೋನ್ ಮಾಡುತ್ತಾರೆ. ಯಾವ ಮೀಟರ್ ಕೊಳ್ಳಬೇಕು, ಯಾವ ಕಂಪನಿಗೆ ಸೇರಿದರೆ ಒಳ್ಳೆಯದು ಎಂದು ವಿಚಾರಿಸುತ್ತಾರೆ. ಕೆಲಸ ಹೇಗಿರುತ್ತದೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳಿಬಿಡುತ್ತೇನೆ. ಈ ಕೆಲಸದ ಮುಕ್ಕಾಲು ಪಾಲು ಒಬ್ಬರೇ ಕೂತಿರುವುದು.

ಎಕ್ಸ್‌ರೇ ಕೋಣೆಗೆ ಕಿಟಕಿ ಇರುವುದಿಲ್ಲ. ಬಾಗಿಲಿಗೆ ಸೀಸದ ತಗಡು ಹೊಡೆದಿರುತ್ತಾರೆ, ಹೊರಗೆ ‘ಒಳಗೆ ಬರಬೇಡಿ’ ಎಂಬ ಬೋರ್ಡು. ನಾವು ಕೆಲಸ ಮಾಡುವಷ್ಟು ಹೊತ್ತೂ ಆ ಬೋರ್ಡಿಗೆ ಎಲ್ಲರೂ ಮರ್ಯಾದೆ ಕೊಡುತ್ತಾರೆ. ಒಂದು ಲೋಟ ಕಾಫಿ ತಂದುಕೊಡುವುದಕ್ಕೂ ಯಾರೂ ಒಳಗೆ ಬರುವುದಿಲ್ಲ. ನಾನು ಹೇಳುವ ಕಾಲಕ್ಕೆ ಕೊಪ್ಪದಲ್ಲಿ ಅಡಿಕೆ ಮಂಡಿಯೊಂದರ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕುಗಳಲ್ಲಿ ನಮ್ಮ ಕಂಪನಿಯ ಯಂತ್ರ ಎಲ್ಲಿ ಕೆಟ್ಟರೂ ಟೂಲ್ ಬಾಕ್ಸ್ ಹಿಡಿದು ಬಸ್ಸು ಹತ್ತಬೇಕಾದವನು ನಾನೊಬ್ಬನೇ. ಹೋಟೆಲಿನಲ್ಲಿ ತಿಂಡಿ ಬೇಕೆಂದು ಹೇಳಿದ್ದು ಬಿಟ್ಟರೆ ಬೇರೇನೂ ಮಾತನಾಡದೆ ಕಳೆದ ದಿನಗಳು ಎಷ್ಟೋ ಇವೆ.

ನಾನು ಕೆಲಸಕ್ಕೆ ಸೇರಿದ ಕಾಲದ ಯಂತ್ರಗಳು ಆನೆಗಾತ್ರದವು. ಮನೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಹೋಗಿ ಬರುವ ಎ.ಸಿ. ಅದನ್ನೇ ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಕೊಟ್ಟು ನೇರವಾಗಿ ಲಕ್ಷದ ಹತ್ತಿರದ ವೋಲ್ಟಿಗೆ ಏರಿಸುತ್ತಿದ್ದರು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸಣ್ಣ ಯಂತ್ರಗಳು ಬಂದವು. ಇವುಗಳಲ್ಲಿ ಮನೆಯ ಕರೆಂಟನ್ನು ಮೊದಲು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ಮಾಡಿ ದೊಡ್ಡ ಕೆಪಾಸಿಟರ್‌ಗಳಲ್ಲಿ ಕೂಡಿಡಬೇಕು. ಆಮೇಲೆ ಇನ್ವರ್ಟರ್ ಎಂಬ ಸರ್ಕ್ಯೂಟು ಅದನ್ನು ತುಂಡರಿಸಿ ಮತ್ತೆ ಎ.ಸಿ. ಮಾಡುತ್ತದೆ. ಈ ಸಲ ಸೆಕೆಂಡಿಗೆ ಐವತ್ತಲ್ಲ, ಸಾವಿರಾರು ಸಲ. ಹಾಗೆ ಚುರುಕಾದ ಎ.ಸಿ.ಗೆ ಚಿಕ್ಕ ಟ್ರಾನ್ಸ್‌ಫಾರ್ಮರ್ ಸಾಕು. ಅದರಿಂದ ಹೊರಟ ಸಾವಿರಗಟ್ಟಲೆ ವೋಲ್ಟನ್ನು ಕೆಪಾಸಿಟರು ಡಯೋಡುಗಳ ಒಂದು ಸಾಲು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿಸುತ್ತದೆ. ಪುಸ್ತಕದಲ್ಲಿ ಅದರ ಹೆಸರು ವೋಲ್ಟೇಜ್ ಮಲ್ಟಿಪ್ಲೈಯರ್. ನಾವು ಏಣಿ ಎನ್ನುತ್ತಿದ್ದೆವು. ಬಾವಿಯ ನೀರನ್ನು ಕೈಯಿಂದ ಕೈಗೆ ದಾಟಿಸಿ ಗುಡ್ಡ ಹತ್ತಿಸಿದಂತೆ ಅದರ ಕೆಲಸ. ಕೆಳಗೆ ನಿಂತವನು ಕೊಡವನ್ನೇ ಸರಿಯಾಗಿ ತುಂಬದಿದ್ದರೆ ಮೇಲಿನವರು ಎಷ್ಟು ಚುರುಕಾಗಿದ್ದು ಏನು ಬಂತು?

ಇಷ್ಟು ಸರಳವಾದ ವಿಷಯವನ್ನು ತಿಳಿಯಲು ನನಗೆ ಒಂದು ಬೇಸಿಗೆ ಪೂರ್ತಿ ಬೇಕಾಯಿತು. ಹರಿಹರಪುರದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಬೆಳಗಿನ ಹೊತ್ತು ತೆಗೆದ ಫಿಲ್ಮುಗಳೆಲ್ಲ ಪೇಲವವಾಗಿ ಬರುತ್ತಿದ್ದವು. ಏಣಿಯಲ್ಲೇ ದೋಷವಿದೆ ಎಂದು ಅದನ್ನು ಬದಲಿಸಿದೆ. ಮತ್ತೆ ಹಾಗೇ. ಇನ್ನೊಮ್ಮೆ ಬದಲಿಸಿದೆ. ಮೂರನೆಯ ಸಲ ಹೋದಾಗ ನೆಲ ಒರೆಸುತ್ತಿದ್ದ ಅಟೆಂಡರು ನನ್ನ ಮೇಲೆ ಕನಿಕರಪಟ್ಟು ಬಾಗಿಲ ಹೊರಗಿನಿಂದಲೇ ಹೇಳಿದರು: “ತೋಟದ ಪಂಪ್ ಬಿಟ್ಟಾಗ ಹಿಂಗೇ ಆಗೂದು ಮಾರಾಯ್ರೆ. ನಮ್ಮನೆ ಮಿಕ್ಸಿನೂ ತಿರುಗೂದಿಲ್ಲ ಆಗ.” ಆ ಹೊತ್ತಿನಲ್ಲಿ ಲೈನಿನ ವೋಲ್ಟೇಜು ಕುಸಿದು ಕೆಪಾಸಿಟರ್ ತುಂಬುತ್ತಿರಲಿಲ್ಲ, ಇನ್ವರ್ಟರ್ ಮಾಡುವ ಎ.ಸಿ.ಗೆ ಕಸುವಿರಲಿಲ್ಲ, ನಾನು ಮಾತ್ರ ಮೇಲಿನ ಏಣಿಯನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದೆ. ಶಿವಮೊಗ್ಗದ ಆಫೀಸಿಗೆ ಕಳಿಸಿದ ವರದಿಯಲ್ಲಿ ‘ಸೂಕ್ಷ್ಮ ಪರೀಕ್ಷೆಯಿಂದ ತಿಳಿದುಬಂದಿದೆ’ ಎಂದು ಬರೆದೆ. ಅಟೆಂಡರ ಹೆಸರು ಬರೆಯಲಿಲ್ಲ. ಸಣ್ಣ ಸುಳ್ಳುಗಳನ್ನು ಹೀಗೆ ಬರೆದು ಬರೆದು ನನ್ನ ಕೈ ಪಳಗಿತ್ತು.

ಇನ್ನೊಂದು ಘಟನೆ ಶೃಂಗೇರಿಯ ಹತ್ತಿರದ್ದು. ನನಗೆ ಕೆಲಸ ಕಲಿಸಿದ ಡಿಸೋಜ ಎಂಬ ಹಿರಿಯರು ಎರಡು ನಿಯಮ ಹಾಕಿಕೊಟ್ಟಿದ್ದರು. ಮೊದಲನೆಯದು, ಸ್ವಿಚ್ ಆರಿಸಿದ ಮಾತ್ರಕ್ಕೆ ಯಂತ್ರ ಆರಿತು ಎಂದು ನಂಬಬಾರದು. ಕೆಪಾಸಿಟರ್‌ಗಳು ಕರೆಂಟನ್ನು ಒಳಗೆ ಹಿಡಿದುಕೊಂಡೇ ಇರುತ್ತವೆ. ನೆಲಕ್ಕೆ ತಂತಿ ಜೋಡಿಸಿದ ಅರ್ತ್ ಕೋಲನ್ನು ಮೂರು ಸಲ ಮುಟ್ಟಿಸಿ ಖಾಲಿ ಮಾಡಿದ ಮೇಲೆಯೇ ಕೈ ಹಾಕಬೇಕು. ಅವತ್ತು ನಾನು ಒಂದೇ ಸಲ ಮುಟ್ಟಿಸಿದೆ. ಹೊಡೆತಕ್ಕೆ ಗೋಡೆಗೆ ಬಡಿದು ಬಿದ್ದೆ. ಕೈ ಆಡಲಿಲ್ಲ, ಬಾಯಿಂದ ಮಾತು ಹೊರಡಲಿಲ್ಲ. ಬಾಗಿಲಾಚೆ ಬೆಂಚಿನ ಮೇಲೆ ಹತ್ತು ಜನ ಕೂತು ಅಡಿಕೆ ಕೊಳೆರೋಗದ ವಿಷಯ ಮಾತನಾಡುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವರಿಗೆ ನಾನು ಬಿದ್ದದ್ದು ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ನಾನೇ ಎದ್ದೆ, ಕೋಲನ್ನು ಮೂರು ಸಲ ಮುಟ್ಟಿಸಿದೆ, ಕೆಲಸ ಮುಗಿಸಿ ಬಸ್ಸು ಹತ್ತಿದೆ. ಈ ಸಂಗತಿ ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವುದಕ್ಕೆ ಮನೆಯಲ್ಲಿ ಯಾರಿದ್ದರು?

ಡಿಸೋಜರ ಎರಡನೆಯ ನಿಯಮ ಎಣ್ಣೆಯದು. ಟ್ರಾನ್ಸ್‌ಫಾರ್ಮರೂ ಏಣಿಯೂ ಎಣ್ಣೆ ತುಂಬಿದ ಒಂದು ಟ್ಯಾಂಕಿನೊಳಗೆ ಮುಳುಗಿರುತ್ತವೆ. ಆ ವೋಲ್ಟೇಜು ಅಲ್ಲಿ ಇಲ್ಲಿ ಹಾರದ ಹಾಗೆ ತಡೆಯುವುದು ಎಣ್ಣೆಯೇ. ಟ್ಯಾಂಕು ತೆರೆದು ಮತ್ತೆ ಎಣ್ಣೆ ತುಂಬಿದಾಗ ಏಣಿಯ ಸಂದುಗಳಲ್ಲಿ ಗಾಳಿಯ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ, ಟ್ಯಾಂಕನ್ನು ಆಚೀಚೆ ವಾಲಿಸುತ್ತ ಅವು ಒಂದೊಂದಾಗಿ ಮೇಲೆ ಬರುವುದನ್ನು ಕಾಯಬೇಕು. ಒಂದು ಪೂರ್ತಿ ದಿನ ಬಿಡಬೇಕು. ಒಂದು ಗುಳ್ಳೆ ಉಳಿದರೂ ಹೆಚ್ಚಿನ ವೋಲ್ಟೇಜಿನಲ್ಲಿ ಅದರೊಳಗೆ ಕಿಡಿ ಹಾರಿ ಏಣಿ ಸುಟ್ಟುಹೋಗುತ್ತದೆ. ಈ ಕೆಲಸದಲ್ಲಿ ಕಲಿಯಲು ಅತ್ಯಂತ ಕಷ್ಟದ್ದು ಇದೇ. ಮಾಡುವುದಕ್ಕೆ ಏನೂ ಇರುವುದಿಲ್ಲ. ಎಣ್ಣೆ ತುಂಬುವ ತೂತಿನ ಮೇಲೆ ಕಣ್ಣಿಟ್ಟುಕೊಂಡು ಸುಮ್ಮನೆ ಕೂರಬೇಕು.

ನರಸಿಂಹರಾಜಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಾತ್ರ ನಾನು ಹಾಗೆ ಕೂತಾಗ ಜೊತೆಗೆ ಒಬ್ಬರು ಇರುತ್ತಿದ್ದರು. ಅಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಜಯಶೀಲ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮದುವೆಯಾಗಿರಲಿಲ್ಲ, ತಂದೆಯ ಜೊತೆ ಪೇಟೆಯ ಅಂಚಿನಲ್ಲಿ ಮನೆ. ‘ಒಳಗೆ ಬರಬೇಡಿ’ ಬೋರ್ಡು ಆಕೆಗೆ ಲೆಕ್ಕಕ್ಕಿರಲಿಲ್ಲ. ಸ್ಟೂಲು ಎಳೆದುಕೊಂಡು ಕೂತು ಆ ಗುಳ್ಳೆ ಎಲ್ಲಿಂದ ಬರುತ್ತದೆ, ಏಣಿಗೆ ಎಷ್ಟು ಮೆಟ್ಟಿಲು, ಡಿ.ಸಿ.ಯನ್ನು ಮತ್ತೆ ಎ.ಸಿ. ಯಾಕೆ ಮಾಡಬೇಕು ಎಂದೆಲ್ಲ ಕೇಳುತ್ತಿದ್ದಳು. ಡಿ.ಸಿ. ಟ್ರಾನ್ಸ್‌ಫಾರ್ಮರನ್ನು ದಾಟುವುದಿಲ್ಲ, ಏಣಿ ಹತ್ತುವುದಂತೂ ದೂರದ ಮಾತು ಎಂದು ನಾನು ವಿವರಿಸುತ್ತಿದ್ದೆ. ಇನ್ವರ್ಟರಿನ ಸದ್ದು ಕೇಳಿಯೇ ಯಂತ್ರದ ಆರೋಗ್ಯ ಹೇಳುವುದನ್ನು ಆಕೆ ಕಲಿತಿದ್ದಳು. ಫೋನಿನಲ್ಲಿ “ಇವತ್ತು ಸಣ್ಣಗೆ ಕೂಗ್ತಾ ಉಂಟು ಸರ್” ಎಂದರೆ ಯಾವ ಭಾಗ ತರಬೇಕೆಂದು ನನಗೆ ಗೊತ್ತಾಗುತ್ತಿತ್ತು. ಆ ಆಸ್ಪತ್ರೆಯ ಯಂತ್ರ ಕೆಟ್ಟಿತೆಂದು ಸುದ್ದಿ ಬಂದರೆ ನನಗೆ ಖುಷಿಯಾಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯ ಮಾತು, ಆದರೆ ನಿಜ.

ಒಂದು ವರ್ಷ ಆಷಾಢ ಕಳೆದು ಒಂದು ವಾರಕ್ಕೆ ಅಲ್ಲಿ ಏಣಿಯ ಒಂದು ಡಯೋಡು ಹೋಯಿತು. ಅವತ್ತು ಸಂಜೆಯೇ ಹೋಗಿ ಟ್ಯಾಂಕು ಇಳಿಸಿ ಇಟ್ಟೆ. ಮರುದಿನ ಬೆಳಿಗ್ಗೆ ಡಯೋಡು ಬದಲಿಸಿ ಎಣ್ಣೆ ತುಂಬುವಾಗ ಜಯಶೀಲ ಬಂದು, ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬರಬೇಕು ಎಂದಳು. ಆಕೆಯ ತಂದೆ ರುದ್ರಪ್ಪನವರು ಮರದ ಮಿಲ್ಲಿನಲ್ಲಿ ದುಡಿದು ಬಿಟ್ಟವರು. ಯಂತ್ರವೆಂದರೆ ಅವರಿಗೆ ಜೀವ, ನನ್ನ ಹತ್ತಿರ ಮಾತನಾಡಬೇಕೆಂದು ಬಹಳ ದಿನದಿಂದ ಹೇಳುತ್ತಿದ್ದರಂತೆ.

ಒಂದು ಮನೆಯೊಳಗೆ ಕೂತು ಊಟ ಮಾಡಿ ನನಗೆ ವರ್ಷಗಳೇ ಆಗಿದ್ದವು. ನಿಯಮದ ಪ್ರಕಾರ ನಾನು ಅವತ್ತು ಅಲ್ಲಿಂದ ಏಳುವಂತಿರಲಿಲ್ಲ. ಗಂಟೆಗೊಮ್ಮೆ ಟ್ಯಾಂಕು ವಾಲಿಸಿ ಗುಳ್ಳೆ ಬಿಡಿಸಬೇಕು, ಮರುದಿನ ಕಡಿಮೆ ವೋಲ್ಟೇಜಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ಒಯ್ಯಬೇಕು. ಆದರೆ ಹನ್ನೊಂದೂವರೆಯ ಹೊತ್ತಿಗೆ ನೋಡಿದಾಗ ಗುಳ್ಳೆ ಬರುವುದು ನಿಂತಂತೆ ಕಂಡಿತು. ನಿಂತಂತೆ ಕಾಣಲಿ ಎಂದು ನಾನೇ ಬಯಸಿದ್ದೆ. ತಿರುಪು ಬಿಗಿದು, ಕಡಿಮೆ ವೋಲ್ಟೇಜಿನಲ್ಲಿ ಎರಡು ಸಲ ಪರೀಕ್ಷೆ ಮಾಡಿ, ಆಯಿತು ಎಂದೆ. ಜಯಶೀಲ ಟ್ಯಾಂಕನ್ನೂ ನನ್ನನ್ನೂ ನೋಡಿ, ಇಷ್ಟು ಬೇಗ ಆಯಿತೇ ಎಂದು ಕೇಳಿದಳು. ಈ ಎಣ್ಣೆ ಹೊಸ ತರಹದ್ದು, ಬೇಗ ಕೂರುತ್ತದೆ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ.

ಊಟಕ್ಕೆ ಅಕ್ಕಿರೊಟ್ಟಿ, ಕಳಲೆ ಪಲ್ಯ, ಮೇಲೆ ಅನ್ನ ಸಾರು. ರುದ್ರಪ್ಪನವರ ಬಲಗೈಯ ಎರಡು ಬೆರಳುಗಳನ್ನು ಮಿಲ್ಲಿನ ಗರಗಸ ತೆಗೆದುಕೊಂಡಿತ್ತು. ಉಳಿದ ಬೆರಳುಗಳಲ್ಲೇ ಸೌಟು ಹಿಡಿದು ತಾವೇ ಬಡಿಸಿದರು. ಸಾವಿರಾರು ಸಲ ದಿಕ್ಕು ಬದಲಿಸುವ ಕರೆಂಟಿನ ಕಥೆಯನ್ನು ಬೆರಗಿನಿಂದ ಕೇಳಿದರು. “ಯಂತ್ರ ತಿಳಿದವರು ನಮ್ಮನೆಗೆ ಬಂದ್ರಲ್ಲ, ಅದೇ ದೊಡ್ದು ಮಾರಾಯ್ರೆ. ಮತ್ತೆ ಬರ್ಬೇಕು” ಎಂದು ಕೈಮುಗಿದರು. ನಾನು ಮೂರು ಗಂಟೆಯವರೆಗೆ ಅಲ್ಲೇ ಕೂತಿದ್ದೆ. ಆ ಮಧ್ಯಾಹ್ನದಷ್ಟು ಸುಖವಾಗಿ ನನ್ನ ಕೆಲಸದ ಯಾವ ದಿನವೂ ಕಳೆದಿಲ್ಲ.

ಮರುದಿನ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಯಂತ್ರದೊಳಗೆ ಟಪ್ ಎಂದು ಸದ್ದಾಗಿ ಎಲ್ಲ ಸ್ತಬ್ಧವಾಯಿತಂತೆ. ನಾನು ಕೊಪ್ಪದಿಂದ ಹೋಗಿ ಟ್ಯಾಂಕು ತೆರೆದೆ. ಎಣ್ಣೆ ಕಪ್ಪಾಗಿತ್ತು, ಏಣಿಯ ಅರ್ಧ ಕರಕಲಾಗಿತ್ತು. ಏನಾಗಿದೆಯೆಂದು ತಿಳಿಯಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಶಿವಮೊಗ್ಗದ ಮೇಲಧಿಕಾರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ, ಅದೇ ಕಷ್ಟವಾದದ್ದು. ನಿಮ್ಮ ಕೈತಪ್ಪು ಎಂದು ಬರೆದರೆ ನಿಮ್ಮನ್ನು ಇಟ್ಟುಕೊಳ್ಳುವುದು ನನ್ನಿಂದಾಗುವುದಿಲ್ಲ, ಬಳಸಿದವರು ಬಿಡುವು ಕೊಡದೆ ಒಂದರ ಮೇಲೊಂದು ಫೋಟೋ ತೆಗೆದು ಯಂತ್ರ ಕಾಯಿಸಿದರೂ ಹೀಗಾಗುತ್ತದಲ್ಲವೇ, ನೋಡಿ ಬರೆಯಿರಿ ಎಂದು ತಣ್ಣಗೆ ಹೇಳಿದರು.

ನಾನು ನೋಡಿ ಬರೆದೆ. ‘ಬಳಕೆದಾರರ ಅಜಾಗರೂಕತೆ’ ಎಂದು ಬರೆದೆ.

ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರು ಅದನ್ನು ಓದಿ ಜಯಶೀಲಳನ್ನು ಕರೆಸಿದರು. ಆಕೆ ಗಾಬರಿಯಾಗಿರಲಿಲ್ಲ. ತನ್ನ ರಿಜಿಸ್ಟರನ್ನು ಎದೆಗೆ ಒತ್ತಿಕೊಂಡು ಬಂದಳು. ಪ್ರತಿ ಫೋಟೋಗೂ ರೋಗಿಯ ಹೆಸರು, ಅಂಗ, ವೋಲ್ಟೇಜು, ಸಮಯ ಬರೆಯುವುದು ಆಕೆಯ ಪದ್ಧತಿ. ಅದನ್ನು ಡಾಕ್ಟರಿಗೆ ಕೊಡದೆ ನೇರವಾಗಿ ನನ್ನ ಮುಂದೆ ಬಿಡಿಸಿ ಹಿಡಿದಳು. ಆ ಬೆಳಿಗ್ಗೆ ನಾಲ್ಕೇ ಫೋಟೋ ತೆಗೆದಿದ್ದು. ಮಣಿಕಟ್ಟು, ಮೊಣಕೈ, ಪಾದ. ಮೂರೂ ಕಡಿಮೆ ವೋಲ್ಟೇಜಿನವು, ನಡುನಡುವೆ ಕಾಲು ಗಂಟೆಯ ಬಿಡುವು. ನಾಲ್ಕನೆಯದು ಒಬ್ಬ ದಪ್ಪ ಮನುಷ್ಯನ ಸೊಂಟದ್ದು, ಅದಕ್ಕೆ ಹೆಚ್ಚಿನ ವೋಲ್ಟೇಜು ಬೇಕು. ಅಲ್ಲೇ ಹೋಗಿದೆ. ನಮ್ಮ ಕಸುಬಿನವನಿಗೆ ಆ ನಾಲ್ಕು ಸಾಲು ಸಾಕು. ಗುಳ್ಳೆ ಉಳಿದಿತ್ತು, ಆಕೆಯ ತಪ್ಪು ಎಳ್ಳಷ್ಟೂ ಇರಲಿಲ್ಲ.

“ನೀವೇ ನೋಡಿ ಹೇಳಿ ಸರ್” ಎಂದಳು.

ಡಾಕ್ಟರು ನನ್ನ ಮುಖ ನೋಡಿದರು. ನಾನು ರಿಜಿಸ್ಟರು ನೋಡಿದೆ. ಕೊಪ್ಪದ ಕೋಣೆ, ಐವತ್ತು ದಾಟಿದ ವಯಸ್ಸು, ಈ ಕೆಲಸ ಹೋದರೆ ಇನ್ನೆಲ್ಲಿಗೆ ಹೋಗಲಿ ಎಂಬ ದಿಗಿಲು, ಎಲ್ಲ ಒಟ್ಟಿಗೆ ಬಂದವು. “ಟೈಮ್ ಆಮೇಲೂ ಬರೀಬಹುದು” ಎಂದೆ.

ಆಕೆ ರಿಜಿಸ್ಟರು ಮುಚ್ಚಿ ಮೇಜಿನ ಮೇಲಿಟ್ಟು ಹೊರಗೆ ಹೋದಳು. ತಿಂಗಳು ತುಂಬುವ ಮೊದಲೇ ಆಕೆಯನ್ನು ಕೆಲಸದಿಂದ ತೆಗೆದರು. ಬಾಳೆಹೊನ್ನೂರಿನಲ್ಲೂ ಕೊಪ್ಪದಲ್ಲೂ ವಿಚಾರಿಸಿದಳಂತೆ. ಎಲ್ಲ ಕಡೆಗೂ ಸುದ್ದಿ ಮೊದಲೇ ಹೋಗಿತ್ತು, ಯಂತ್ರ ಸುಟ್ಟವಳು ಎಂದು.

ಆಮೇಲಿನ ಆರು ವರ್ಷ ನಾನು ಎಣ್ಣೆಗೆ ಒಂದು ದಿನಕ್ಕಿಂತ ಒಂದು ನಿಮಿಷವೂ ಕಡಿಮೆ ಕೊಟ್ಟವನಲ್ಲ. ನರಸಿಂಹರಾಜಪುರದ ಆ ಕೋಣೆಯಲ್ಲೂ ಕೂತೆ. ಹೊಸದಾಗಿ ಬಂದವರು ಬಾಗಿಲು ಹಾಕಿಕೊಂಡು ಹೋಗುತ್ತಿದ್ದರು. ಸ್ಟೂಲು ಮೂಲೆಯಲ್ಲಿರುತ್ತಿತ್ತು. ಜಯಶೀಲಳ ಮನೆಯ ದಾರಿ ತಪ್ಪಿಸಲು ನಾನು ಬಸ್‌ಸ್ಟ್ಯಾಂಡಿನಿಂದ ಸುತ್ತು ಹಾಕಿಕೊಂಡು ಆಸ್ಪತ್ರೆಗೆ ನಡೆಯುತ್ತಿದ್ದೆ. ಒಂಟಿತನ ನನಗೆ ಹೊಸದಲ್ಲ, ಆದರೆ ಮೊದಲಿನದು ತಾನಾಗಿ ಬಂದದ್ದು. ಇದು ನಾನೇ ಕೈಯಾರೆ ಮಾಡಿಕೊಂಡದ್ದು. ಹಾಗಾಗಿ ಅದನ್ನು ಯಾರ ಮೇಲೂ ಹೊರಿಸಲು ಬರುತ್ತಿರಲಿಲ್ಲ.

ನಿವೃತ್ತಿಯ ಕಾಗದಗಳೆಲ್ಲ ಕೈಗೆ ಬಂದ ಮೇಲೆ ನನಗೆ ಧೈರ್ಯ ಬಂತು. ಅಂಥ ಧೈರ್ಯಕ್ಕೆ ಏನೆನ್ನಬೇಕೋ ನೀವೇ ಹೇಳಿ. ಒಂದು ವಾರ ಕೂತು ಹೊಸ ವರದಿ ಬರೆದೆ. ಎಣ್ಣೆ ಎಷ್ಟು ಹೊತ್ತಿಗೆ ತುಂಬಿದೆ, ಎಷ್ಟು ಹೊತ್ತಿಗೆ ಎದ್ದು ಹೋದೆ, ಎಲ್ಲಿಗೆ ಹೋದೆ, ರಿಜಿಸ್ಟರಿನ ನಾಲ್ಕು ಸಾಲುಗಳಲ್ಲಿ ಏನಿತ್ತು, ಎಲ್ಲವನ್ನೂ ಬರೆದು ಕೆಳಗೆ ಸಹಿ ಹಾಕಿದೆ. ಒಂದು ಪ್ರತಿ ಶಿವಮೊಗ್ಗದ ಆಫೀಸಿಗೆ ಅಂಚೆಯಲ್ಲಿ ಹೋಯಿತು, ಅಲ್ಲಿಂದ ಉತ್ತರ ಬರಲಿಲ್ಲ. ಇನ್ನೊಂದನ್ನು ಡಾಕ್ಟರಿಗೆ ಕೊಟ್ಟೆ. ಅವರು ಓದಿ, ಆ ಯಂತ್ರವೇ ಗುಜರಿಗೆ ಹೋಗಿದೆ, ಇದನ್ನು ಈಗ ಯಾವ ಫೈಲಿಗೆ ಹಾಕಲಿ ಎಂದು ನನ್ನನ್ನೇ ಕೇಳಿದರು.

ಮೂರನೆಯ ಪ್ರತಿ ಹಿಡಿದು, ಸುತ್ತು ಹಾಕದೆ ನೇರ ದಾರಿಯಲ್ಲೇ ಜಯಶೀಲಳ ಮನೆಗೆ ಹೋದೆ. ಜಗುಲಿಯ ಮೇಲೆ ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಏಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಜಗುಲಿಯ ಅಂಚಿನಲ್ಲಿ ಕೂತು ಕಾಗದವನ್ನು ಕೊಟ್ಟೆ. ಹಿಂದೆ ರಿಜಿಸ್ಟರು ಓದುತ್ತಿದ್ದ ಹಾಗೆ ಸಾಲಿನ ಕೆಳಗೆ ಬೆರಳಿಟ್ಟು ಪೂರ್ತಿ ಓದಿದಳು. ಡಾಕ್ಟರಿಗೂ ಒಂದು ಪ್ರತಿ ಕೊಟ್ಟಿದ್ದೇನೆ, ಇನ್ನು ಅವರಿಗೆ ಸತ್ಯ ಗೊತ್ತಾಯಿತು ಎಂದು ನಾನು ಹೇಳಿದೆ. ಹೇಳುವಾಗ ನನಗೆ ಸ್ವಲ್ಪ ಹಗುರವೂ ಆಗಿತ್ತು.

“ಡಾಕ್ಟ್ರು ನಂಬಿದ್ರೆಷ್ಟು, ಬಿಟ್ರೆಷ್ಟು ಸರ್” ಎಂದಳು. “ನನ್ನ ನಂಬದೆ ಇದ್ದಿದ್ದು ಅಪ್ಪ.”

ನನಗೆ ಅರ್ಥವಾಗಲಿಲ್ಲ. ಆಕೆ ಬಟ್ಟೆಯ ಮೇಲೆ ಕೈಯಿಟ್ಟುಕೊಂಡೇ, ದನಿ ಏರಿಸದೆ ಹೇಳಿದಳು. ಕೆಲಸ ಹೋದ ದಿನ ತಂದೆಯ ಹತ್ತಿರ ಅತ್ತು, ತನ್ನ ತಪ್ಪಿಲ್ಲ, ಇಂಜಿನಿಯರು ಸುಳ್ಳು ಹೇಳಿದರು ಎಂದಿದ್ದಳು. ರುದ್ರಪ್ಪನವರು ಒಪ್ಪಲೇ ಇಲ್ಲ. ಹಿಂದಿನ ದಿನ ನಮ್ಮ ಮನೆಯಲ್ಲಿ ಕೂತು ಉಂಡು ಹೋದ ಮನುಷ್ಯ ಮರುದಿನವೇ ನಮ್ಮ ಮೇಲೆ ಸುಳ್ಳು ಹೇಳುವುದುಂಟೇ, ನಿನ್ನ ಕೈಯಲ್ಲೇ ಏನೋ ಆಗಿರಬೇಕು, ಒಪ್ಪಿಕೋ ಎಂದರಂತೆ. ಅದಾದ ಮೇಲೆ ಮಗಳು ಆ ವಿಷಯ ಎತ್ತಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೇ ಇದ್ದು ಆರು ವರ್ಷ ಹಾಗೇ ಕಳೆದಿದ್ದರು.

ತಂದೆ ಒಳಗಿದ್ದಾರೆಯೇ, ಈಗಲೇ ಓದಿ ಹೇಳುತ್ತೇನೆ ಎಂದು ನಾನು ಎದ್ದುನಿಂತೆ.

“ಹೋದ ಮಾಘದಲ್ಲಿ ತೀರ್ಕಂಡ್ರು ಸರ್” ಎಂದಳು. “ಕೊನೆ ತಂಕ ನಿಮ್ಮನ್ನ ಕೇಳ್ತಿದ್ರು. ನೀನು ಮಾಡಿದ ಕೆಲಸಕ್ಕೆ ಆ ಮನುಷ್ಯ ನಮ್ಮನೆ ಮೆಟ್ಲು ಹತ್ತದ ಹಾಗಾಯ್ತು, ಅವರಿಗೆ ಮುಖ ತೋರ್ಸಕ್ಕೆ ನಂಗೆ ನಾಚಿಕೆ ಆಗ್ತದೆ ಅಂತ ನಂಗೇ ಬೈತಿದ್ರು.”